ಹಾಜರಿ ಪಟ್ಟಿಯಲ್ಲಿ ಹೆಸರಿಲ್ಲದವರ ವಕೀಲ

ಕಾಕನಕೋಟೆ ಎಂದೊಡನೆ ಹಳಬರಿಗೆ ನೆನಪಾಗುವುದು ಖೆಡ್ಡಾ. ಕಬಿನಿ ಹೊಳೆಯ ದಂಡೆಯಲ್ಲಿ ಆನೆಯ ಹಿಂಡನ್ನು ಅಟ್ಟಿಕೊಂಡು ಬಂದು ಕಂದಕದೊಳಗೆ ಕೂಡಿಹಾಕುತ್ತಿದ್ದ ಆ ಸಾಹಸವನ್ನು ನೋಡಲು ರಾಜಮಹಾರಾಜರು, ವೈಸರಾಯರು ಬರುತ್ತಿದ್ದರು. 1971ರಲ್ಲಿ ಕೊನೆಯ ಖೆಡ್ಡಾ ನಡೆಯಿತು. 1974ರ ಹೊತ್ತಿಗೆ ಕಬಿನಿ ಅಣೆಕಟ್ಟೆ ಮುಗಿದು ಆ ಬಯಲು ನೀರಿನ ಪಾಲಾಯಿತು. ಅತಿಥಿಗಳ ಹೆಸರುಗಳು, ಹಿಡಿದ ಆನೆಗಳ ಲೆಕ್ಕ ದಾಖಲೆಗಳಲ್ಲಿ ಉಳಿದಿವೆ. ಕಾಡು ಸುತ್ತುವರಿದು ತಮಟೆ ಬಡಿದ, ಕಂದಕ ತೋಡಿದ, ಆನೆಯ ಹೆಜ್ಜೆ ಗುರುತಿಸಿಕೊಟ್ಟ ಜೇನುಕುರುಬ, ಕಾಡುಕುರುಬರ ಹೆಸರುಗಳನ್ನು ಮಾತ್ರ ಹೇಳಬಲ್ಲವರು ವಿರಳ.

ಆ ಕಾಡಿನ ಸುತ್ತಮುತ್ತ ಇಂದಿಗೂ ಕೂಲಿಯೇ ಬದುಕು. ಬೇಸಿಗೆಗೆ ಮುಂಚೆ ಬೆಂಕಿರೇಖೆ ಕಡಿಯುವುದು, ನರ್ಸರಿಯಲ್ಲಿ ಸಸಿ ಬೆಳೆಸುವುದು, ಹುಣಸೂರು ಪಿರಿಯಾಪಟ್ಟಣಗಳ ಕಡೆ ತಂಬಾಕು ಎಲೆ ಬಿಡಿಸಿ ಬೇಯಿಸುವುದು, ಕೆ.ಆರ್. ನಗರದ ಕಡೆ ಕಬ್ಬು ಕಡಿಯುವುದು, ಕೊಡಗಿನ ಕಾಫಿ ತೋಟಗಳಿಗೆ ಜೀಪು ಹತ್ತಿ ಹೋಗುವುದು. ನಾಗರಹೊಳೆ ಕಾಡಿನಿಂದ ಹೊರಬಿದ್ದ ಆದಿವಾಸಿಗಳ ಬಗ್ಗೆ ಹೈಕೋರ್ಟಿನ ಸೂಚನೆಯ ಮೇರೆಗೆ ಅಧ್ಯಯನ ನಡೆಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ಕೊಟ್ಟ ವರದಿಯಲ್ಲಿ ಅಂಥ ಕುಟುಂಬಗಳ ಸಂಖ್ಯೆ 3,418 ಎಂದಿದೆ. ಕಾಡು ಬಿಟ್ಟ ಅನೇಕರಿಗೆ ಉಳಿದ ದಾರಿ ಕೂಲಿಯೊಂದೇ.

ಇಂಥ ಕೆಲಸಗಾರನಿಗೆ ಒಂದು ಬೆಳಿಗ್ಗೆ ‘ನಾಳೆಯಿಂದ ಬರಬೇಡ’ ಎಂದರೆ ಅವನ ಪರವಾಗಿ ಕೇಳುವವರು ಯಾರು? ಆ ಪ್ರಶ್ನೆಗೆ ಉತ್ತರವಾಗಿ ಒಂದು ವೃತ್ತಿಯೇ ಇದೆ. ಅದು ಕಾರ್ಮಿಕರ ಪರ ವಕೀಲಿಕೆ. ವೈದ್ಯಕೀಯ, ಎಂಜಿನಿಯರಿಂಗ್‌ಗಳ ಗದ್ದಲದಲ್ಲಿ ಈ ದಾರಿಯ ಬಗ್ಗೆ ವಿದ್ಯಾರ್ಥಿಗಳೂ ಪೋಷಕರೂ ಯೋಚಿಸುವುದು ಕಡಿಮೆ. ಯೋಚಿಸಿದರೂ ‘ಕೂಲಿಯವರಿಂದ ಫೀಸು ಎಲ್ಲಿ ಹುಟ್ಟುತ್ತದೆ?’ ಎಂಬಲ್ಲಿಗೆ ಮಾತು ನಿಂತುಬಿಡುತ್ತದೆ. ಆ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಮೊದಲು ಈ ವೃತ್ತಿಯಲ್ಲಿ ನಿಜವಾಗಿ ಮಾಡಬೇಕಾದ ಕೆಲಸ ಏನು ಎಂಬುದನ್ನು ತಿಳಿಯುವುದು ಒಳ್ಳೆಯದು.

ಎರಡು ಮೊಕದ್ದಮೆಗಳು, ಒಂದು ಪಾಠ

ಸಿನಿಮಾದಲ್ಲಿ ವಕೀಲರು ವಾದದಿಂದ ಗೆಲ್ಲುತ್ತಾರೆ. ಕಾರ್ಮಿಕ ನ್ಯಾಯಾಲಯದಲ್ಲಿ ಗೆಲುವು ಸೋಲುಗಳನ್ನು ನಿರ್ಧರಿಸುವುದು ಬಹುಮಟ್ಟಿಗೆ ಕಾಗದ. ಇದನ್ನು ತಿಳಿಯಲು ಕರ್ನಾಟಕದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಎರಡು ಮೊಕದ್ದಮೆಗಳನ್ನು ನೋಡಬಹುದು.

ಮೊದಲು ಹಿನ್ನೆಲೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ, ಹನ್ನೆರಡು ತಿಂಗಳ ಅವಧಿಯಲ್ಲಿ 240 ದಿನ ಕೆಲಸ ಮಾಡಿದ ಕಾರ್ಮಿಕನನ್ನು ನೋಟೀಸು ಮತ್ತು ಪರಿಹಾರ ಕೊಡದೆ ಕೆಲಸದಿಂದ ತೆಗೆಯುವಂತಿರಲಿಲ್ಲ. 240 ಎಂಬ ಆ ಸಂಖ್ಯೆಯ ಮೇಲೆ ಲಕ್ಷಾಂತರ ದಿನಗೂಲಿಗಳ ಬದುಕು ನಿಂತಿತ್ತು. ಈಗ ಆ ಕಾಯಿದೆಯ ಜಾಗಕ್ಕೆ ಬಂದಿರುವ ಹೊಸ ಸಂಹಿತೆಯಲ್ಲೂ 240 ದಿನಗಳ ಲೆಕ್ಕ ಉಳಿದುಕೊಂಡಿದೆ.

ಮೊದಲ ಮೊಕದ್ದಮೆ ಅರಣ್ಯ ಇಲಾಖೆಯ ದಿನಗೂಲಿ ನೌಕರನೊಬ್ಬನದು. ತಾನು 240 ದಿನಕ್ಕಿಂತ ಹೆಚ್ಚು ದುಡಿದಿದ್ದೇನೆ, ತನ್ನನ್ನು ಅಕ್ರಮವಾಗಿ ತೆಗೆದಿದ್ದಾರೆ ಎಂದು ಅವನು ಪ್ರಮಾಣಪತ್ರ ಸಲ್ಲಿಸಿದ. ಕೆಳಗಿನ ಹಂತದಲ್ಲಿ ಅವನಿಗೆ ಜಯವಾಯಿತು. ವಲಯ ಅರಣ್ಯಾಧಿಕಾರಿ ಸುಪ್ರೀಂ ಕೋರ್ಟಿಗೆ ಹೋದರು. 2002ರ ಫೆಬ್ರುವರಿಯಲ್ಲಿ ಬಂದ ತೀರ್ಪು ಕಾರ್ಮಿಕನ ವಿರುದ್ಧವಾಗಿತ್ತು. 240 ದಿನ ದುಡಿದೆ ಎಂದು ಹೇಳುವವನೇ ಅದನ್ನು ಸಾಬೀತು ಮಾಡಬೇಕು. ಬರೀ ಅವನ ಪ್ರಮಾಣಪತ್ರ ಸಾಲದು. ಸಂಬಳದ ರಸೀತಿಯಾಗಲಿ ನೇಮಕದ ಆದೇಶವಾಗಲಿ ಒಂದೂ ಇಲ್ಲ ಎಂದು ನ್ಯಾಯಾಲಯ ಹೇಳಿತು. ಕಾಡಿನಲ್ಲಿ ಗುಂಡಿ ತೋಡುವವನಿಗೆ ನೇಮಕದ ಆದೇಶ ಕೊಡುವವರು ಯಾರು ಎಂದು ಯಾರಾದರೂ ಕೇಳಬಹುದು. ಆದರೆ ಕಾನೂನು ನಿಂತದ್ದು ಹಾಗೆ.

ಎರಡನೆಯದು ಸರ್ಕಾರಿ ಎಂಜಿನಿಯರ್ ಕಚೇರಿಯೊಂದರಲ್ಲಿ ದಿನಗೂಲಿಯಾಗಿ ದುಡಿದವನದು. 1988ರಿಂದ 1994ರವರೆಗೆ ಕೆಲಸ ಮಾಡಿದ್ದೇನೆ ಎಂಬುದು ಅವನ ಹೇಳಿಕೆ. ಅವನ ಕೈಯಲ್ಲಿ ಒಂದೇ ಒಂದು ಕಾಗದವಿತ್ತು. ಅದು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಕೊಟ್ಟಿದ್ದ ಸೇವಾ ಪತ್ರ. ಆ ಅವಧಿಯ ನಾಮಿನಲ್ ಮಸ್ಟರ್ ರೋಲ್, ಅಂದರೆ ದಿನಗೂಲಿಗಳ ಹಾಜರಿ ಪಟ್ಟಿ, ಇಲಾಖೆಯ ಬಳಿ ಇರಲೇಬೇಕಲ್ಲ! ಇಲಾಖೆ ಅದನ್ನು ಪೂರ್ತಿಯಾಗಿ ಹಾಜರುಪಡಿಸಲಿಲ್ಲ. 2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಅವನ ಮಾತನ್ನು ಒಪ್ಪಿತು. ಸಾಬೀತುಪಡಿಸುವ ಹೊಣೆ ಕಾರ್ಮಿಕನದೇ. ಆದರೆ ಅವನು ಸಾಕ್ಷಿ ಕಟ್ಟೆ ಹತ್ತಿ ಹೇಳಿಕೆ ಕೊಟ್ಟು, ಹಾಜರಿ ಪಟ್ಟಿ ತರಿಸುವಂತೆ ಕೇಳುವ ಮೂಲಕ ಆ ಹೊಣೆಯನ್ನು ನಿರ್ವಹಿಸಬಹುದು ಎಂಬ ವಿವರಣೆಯನ್ನೂ ಕೊಟ್ಟಿತು.

ಒಬ್ಬ ಸೋತ, ಇನ್ನೊಬ್ಬ ಗೆದ್ದ. ಇಬ್ಬರೂ ದುಡಿದವರೇ ಎಂದುಕೊಂಡರೂ, ಎರಡನೆಯವನ ಬಳಿ ಒಂದು ಚೂರು ಕಾಗದವಿತ್ತು. ಎದುರಾಳಿಯ ಬೀರುವಿನಲ್ಲಿರುವ ದಾಖಲೆಯನ್ನು ಕೇಳಿ ಪಡೆಯುವ ಅರ್ಜಿಗೆ ಎಷ್ಟು ತೂಕವಿದೆ ಎಂಬುದೂ ಅವನ ಮೊಕದ್ದಮೆಯಿಂದ ಸ್ಪಷ್ಟವಾಯಿತು. ಕಾರ್ಮಿಕರ ವಕೀಲನ ಮುಖ್ಯ ಕೆಲಸ ಇಲ್ಲಿಯೇ ಇದೆ. ಕಕ್ಷಿದಾರನ ಬಳಿ ಕಾಗದವಿಲ್ಲ ಎಂದು ಕೈಚೆಲ್ಲದೆ, ಅವನ ದುಡಿಮೆಯ ಗುರುತು ಎಲ್ಲೆಲ್ಲಿ ಬಿದ್ದಿರಬಹುದು ಎಂದು ಹುಡುಕುವುದು: ಬ್ಯಾಂಕಿನ ಪಾಸ್‌ಬುಕ್ಕು, ಭವಿಷ್ಯನಿಧಿಯ ಖಾತೆ, ಇ.ಎಸ್.ಐ. ಚೀಟಿ, ಗೇಟಿನ ಪಾಸು, ಉಗ್ರಾಣದಿಂದ ಕತ್ತಿ ಗುದ್ದಲಿ ಪಡೆದಾಗಿನ ಸಹಿ, ಗಾಯವಾದಾಗ ಆಸ್ಪತ್ರೆಗೆ ಬರೆದ ಚೀಟಿ. ಇವುಗಳಲ್ಲಿ ಯಾವುದು ಸಿಕ್ಕರೂ ಅದು ಸಾಕ್ಷ್ಯ.

ಹೊಣೆ ತಿರುಗುವ ಜಾಗ

ಯಾವ ಕಾನೂನಿನ ಅಡಿ ದೂರು ಕೊಡಬೇಕು ಎಂಬ ಆಯ್ಕೆಯೂ ವಕೀಲನ ಜಾಣ್ಮೆಯ ಭಾಗ. ತೋಟದ ಕೆಲಸಕ್ಕೆ ಹೋಗುವವರು ಮುಂಗಡ ಪಡೆಯುವುದು, ಆ ಸಾಲ ತೀರುವವರೆಗೆ ಬೇರೆಡೆ ಹೋಗಲಾರದೆ ದುಡಿಯುವುದು ಹಳೆಯ ರೂಢಿ. ಇಂಥ ದುಡಿಮೆಯನ್ನು 1976ರ ಜೀತ ಪದ್ಧತಿ ನಿರ್ಮೂಲನ ಕಾಯಿದೆ ನಿಷೇಧಿಸುತ್ತದೆ. ಆ ಕಾಯಿದೆಯ 15ನೇ ಕಲಮು ಗಮನಾರ್ಹ. ಇದು ಜೀತದ ಸಾಲ ಎಂದು ಕೂಲಿಯವನು ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನ ಮೇಲೆ ಬೀಳುತ್ತದೆ. ಅರಣ್ಯ ಇಲಾಖೆಯ ದಿನಗೂಲಿಗೆ ಎದುರಾದ ಕಷ್ಟ ಇಲ್ಲಿ ತಿರುವುಮುರುವಾಗುತ್ತದೆ. ದೂರು ಹೋಗಬೇಕಾದ್ದು ಸಿವಿಲ್ ಕೋರ್ಟಿಗಲ್ಲ, ಜಿಲ್ಲಾಧಿಕಾರಿ ಮತ್ತು ಅವರ ಅಧೀನ ಅಧಿಕಾರಿಗಳಿಗೆ.

ದೆಹಲಿಯ ಏಷ್ಯಾಡ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1982ರಲ್ಲಿ ಇನ್ನೂ ಒಂದು ಮಾತು ಹೇಳಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮ ಎಂಬುದು ಆ ತೀರ್ಪಿನ ಸಾರ. ಕಾಫಿ ತೋಟದ ಸಾಲುಮನೆಯಲ್ಲಿ ಕುಳಿತ ಕಾರ್ಮಿಕನಿಗೆ ಸಂವಿಧಾನದ ವಿಧಿಯ ಸಂಖ್ಯೆ ತಿಳಿದಿರುವುದಿಲ್ಲ. ಅದನ್ನು ಅವನ ದಿನದ ಕೂಲಿಗೆ ಜೋಡಿಸಿ ಹೇಳಬಲ್ಲ ಮನುಷ್ಯ ಬೇಕು.

ಬಾಗಿಲಲ್ಲಿ ತಡೆಯುವ ಕಾನೂನು

ಈ ವೃತ್ತಿಯಲ್ಲೊಂದು ವಿಚಿತ್ರವಿದೆ. ಬೇರೆ ನ್ಯಾಯಾಲಯಗಳಲ್ಲಿ ವಕೀಲನಿಗೆ ಪ್ರವೇಶ ಹಕ್ಕಾಗಿದ್ದರೆ ಕಾರ್ಮಿಕ ವಿವಾದಗಳಲ್ಲಿ ಹಾಗಿಲ್ಲ. 1947ರ ಕಾಯಿದೆಯ 36ನೇ ಕಲಮಿನ ಪ್ರಕಾರ ರಾಜಿ ಸಂಧಾನಾಧಿಕಾರಿಯ ಮುಂದೆ ವಕೀಲನಿಗೆ ಪ್ರವೇಶವೇ ಇರಲಿಲ್ಲ. ಕಾರ್ಮಿಕ ನ್ಯಾಯಾಲಯದಲ್ಲಿ ಎದುರು ಪಕ್ಷ ಒಪ್ಪಬೇಕು, ನ್ಯಾಯಾಧೀಶರೂ ಅನುಮತಿ ಕೊಡಬೇಕು. ಆದರೆ ಸಂಘದ ಪದಾಧಿಕಾರಿ ಹಕ್ಕಿನಿಂದ ಬಂದು ವಾದಿಸಬಹುದಿತ್ತು. ಹೊಸ ಸಂಹಿತೆಯೂ ಇದೇ ಏರ್ಪಾಡನ್ನು ಮುಂದುವರಿಸಿದೆ. ಹಣವಂತ ಮಾಲೀಕ ದೊಡ್ಡ ವಕೀಲರನ್ನು ತಂದು ಬಡ ಕಾರ್ಮಿಕನನ್ನು ಮಣಿಸಬಾರದು ಎಂಬುದು ಇದರ ಹಿಂದಿನ ಉದ್ದೇಶ.

ಇದೇ ಯೋಚನೆ ಇನ್ನೊಂದು ರೂಪದಲ್ಲಿ ಈ ಭಾಗದವರಿಗೆ ಪರಿಚಿತ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ಡಿ. ದೇವರಾಜ ಅರಸು ಅವರು ಮುಖ್ಯಮಂತ್ರಿಯಾಗಿದ್ದಾಗ ತಂದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿದಾರರ ಅರ್ಜಿಗಳನ್ನು ಕೇಳಿದ ಭೂನ್ಯಾಯಮಂಡಳಿಗಳಲ್ಲಿ ವಕೀಲರು ಹಾಜರಾಗುವುದನ್ನು ಕಾನೂನು ನಿರ್ಬಂಧಿಸಿತ್ತು. 1987ರಲ್ಲಿ ಸುಪ್ರೀಂ ಕೋರ್ಟು ಆ ನಿರ್ಬಂಧ ನಿಲ್ಲದು ಎಂದಿತು.

ವಿದ್ಯಾರ್ಥಿಗಳು ಇದರಿಂದ ತಿಳಿಯಬೇಕಾದ್ದು ಇಷ್ಟು. ಕಪ್ಪು ಕೋಟು ತೊಟ್ಟ ಮಾತ್ರಕ್ಕೆ ಕಾರ್ಮಿಕರು ನಂಬುವುದಿಲ್ಲ, ಕಾನೂನೂ ಪೂರ್ತಿ ನಂಬಿಲ್ಲ. ಸಂಘದ ಕಚೇರಿಯಲ್ಲಿ ಕುಳಿತು ಬೇಡಿಕೆ ಪಟ್ಟಿ ಬರೆದುಕೊಡುವವನು, ಕಾರ್ಖಾನೆಯ ಆಂತರಿಕ ವಿಚಾರಣೆಗೆ ಮುಂಚೆ ಆಪಾದಿತ ಕಾರ್ಮಿಕನಿಗೆ ಉತ್ತರ ಸಿದ್ಧಪಡಿಸಿ ಕೊಡುವವನು, ಒಪ್ಪಂದದ ಕರಡಿನಲ್ಲಿ ಒಂದು ಪದ ತಪ್ಪಿದರೆ ಹಿಡಿಯುವವನು ಕ್ರಮೇಣ ಕಾರ್ಮಿಕರ ವಕೀಲನಾಗುತ್ತಾನೆ. ನ್ಯಾಯಾಲಯದ ಹೊರಗಿನ ಈ ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಘಟ್ಟದಾಚೆಯ ಒಂದು ಉದಾಹರಣೆ

ಮೈಸೂರಿನಿಂದ ಎಚ್.ಡಿ. ಕೋಟೆ, ಅಂತರಸಂತೆ ದಾಟಿ ಕಾಕನಕೋಟೆ ಕಾಡಿನ ನಡುವೆ ಸಾಗುವ ರಸ್ತೆ ಬಾವಲಿಯಲ್ಲಿ ಕೇರಳ ಸೇರಿ ಮಾನಂತವಾಡಿಗೆ ಹೋಗುತ್ತದೆ. ಅಲ್ಲಿಂದ ಘಟ್ಟ ಇಳಿದರೆ ತಲಶ್ಶೇರಿ. ಆ ಊರಿನ ಕೋರ್ಟಿನಲ್ಲಿ 1938ರಲ್ಲಿ ವಕೀಲಿ ಆರಂಭಿಸಿದವರು ವಿ.ಆರ್. ಕೃಷ್ಣ ಅಯ್ಯರ್. ತಂದೆಯೂ ವಕೀಲರು. ಅನುಕೂಲಸ್ಥರ ಮೊಕದ್ದಮೆಗಳನ್ನಷ್ಟೇ ನೋಡಿಕೊಂಡು ಹಾಯಾಗಿ ಇರಬಹುದಿತ್ತು. ಅವರು ರೈತರ, ಕಾರ್ಮಿಕರ ಮೊಕದ್ದಮೆಗಳನ್ನು ಹಿಡಿದರು. ಕಮ್ಯುನಿಸ್ಟರಿಗೆ ಕಾನೂನು ನೆರವು ಕೊಟ್ಟರೆಂದು 1948ರಲ್ಲಿ ಒಂದು ತಿಂಗಳು ಸೆರೆವಾಸ ಅನುಭವಿಸಿದರು. 1957ರಲ್ಲಿ ಕೇರಳದ ಮಂತ್ರಿಯಾದರು, 1968ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಗಳಾದರು, 1973ರಿಂದ 1980ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದರು. 2014ರಲ್ಲಿ ನಿಧನರಾದರು.

ಅವರ ಲೇಖನಿಯಿಂದ ಬಂದ ಹೆಸರಾಂತ ತೀರ್ಪುಗಳಲ್ಲಿ ಒಂದು ಬೆಂಗಳೂರಿನದು. ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕೆಲವು ನೌಕರರಿಗೆ ಅಶಿಸ್ತಿನ ಕಾರಣ ಹೇಳಿ ದಂಡ ವಿಧಿಸಿ ಸಂಬಳದಲ್ಲಿ ಹಿಡಿದುಕೊಂಡಿತು. ಆ ಹಣ ವಾಪಸು ಬೇಕೆಂದು ಅವರು ಕಾರ್ಮಿಕ ನ್ಯಾಯಾಲಯಕ್ಕೆ ಹೋದರು. ‘ನಾವು ಜನರಿಗೆ ನೀರು ಕೊಡುವವರು, ಲಾಭಕ್ಕೆ ದುಡಿಯುವ ಕೈಗಾರಿಕೆಯಲ್ಲ, ಆದ್ದರಿಂದ ಈ ಕಾಯಿದೆ ನಮಗೆ ಅನ್ವಯಿಸದು’ ಎಂಬುದು ಮಂಡಳಿಯ ವಾದ. ವಿಷಯ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಏರಿತು. 1978ರ ಫೆಬ್ರುವರಿ 21ರಂದು ಬಂದ ತೀರ್ಪು ಮೂರು ಪರೀಕ್ಷೆಗಳನ್ನು ಕೊಟ್ಟಿತು. ವ್ಯವಸ್ಥಿತ ಚಟುವಟಿಕೆ ಇದೆಯೇ? ಮಾಲೀಕ ಮತ್ತು ನೌಕರರ ಸಹಕಾರದಿಂದ ಅದು ನಡೆಯುತ್ತದೆಯೇ? ಜನರ ಬೇಡಿಕೆ ಪೂರೈಸುವ ವಸ್ತು ಅಥವಾ ಸೇವೆ ಅದರಿಂದ ದೊರೆಯುತ್ತದೆಯೇ? ಇವು ಇದ್ದರೆ ಅದು ಕೈಗಾರಿಕೆ. ಲಾಭವಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ. ಕೆಲವು ನೌಕರರ ದಂಡದ ಹಣದಿಂದ ಹೊರಟ ವಿವಾದ ಆಸ್ಪತ್ರೆ, ವಿಶ್ವವಿದ್ಯಾನಿಲಯ, ಸಂಘ ಸಂಸ್ಥೆಗಳ ನೌಕರರವರೆಗೆ ಕಾನೂನಿನ ನೆರಳನ್ನು ಚಾಚಿತು.

ಆ ವ್ಯಾಖ್ಯೆಯನ್ನು ಸಂಕುಚಿತಗೊಳಿಸಲು ಸಂಸತ್ತು 1982ರಲ್ಲಿ ಮಾಡಿದ ತಿದ್ದುಪಡಿ ಕೊನೆಯವರೆಗೂ ಜಾರಿಗೆ ಬರಲಿಲ್ಲ. ತೀರ್ಪಿನ ಮರುಪರಿಶೀಲನೆಯನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ವಹಿಸಲಾಯಿತು. ಅಂದರೆ ನಾಲ್ಕು ದಶಕವಾದರೂ ಈ ಪ್ರಶ್ನೆಯ ಬಿಸಿ ಆರಿರಲಿಲ್ಲ.

ವಕೀಲಿಕೆಯನ್ನೂ ಕಾರ್ಮಿಕ ಸಂಘಟನೆಯನ್ನೂ ಜೊತೆಗೂಡಿಸಿದವರು ಇನ್ನೂ ಇದ್ದಾರೆ. ಬೆಂಗಳೂರಿನ ಕೆ.ಟಿ. ಭಾಷ್ಯಂ ವಕೀಲರಾಗಿ, ಕಾರ್ಮಿಕ ನಾಯಕರಾಗಿ ಹೆಸರಾಗಿ 1947ರ ಕೆ.ಸಿ. ರೆಡ್ಡಿ ಸಂಪುಟದಲ್ಲಿ ಮಂತ್ರಿಗಳಾದರು. ಐರ್ಲೆಂಡಿನಲ್ಲಿ ಕಾನೂನು ಓದಿದ ವಿ.ವಿ. ಗಿರಿ ರೈಲ್ವೆ ಕಾರ್ಮಿಕರನ್ನು ಸಂಘಟಿಸಿದರು. ಕೇಂದ್ರದ ಕಾರ್ಮಿಕ ಮಂತ್ರಿಯಾಗಿದ್ದಾಗ ಬ್ಯಾಂಕ್ ನೌಕರರ ಐತೀರ್ಪಿನ ವಿಷಯದಲ್ಲಿ ಸರ್ಕಾರದ ನಿಲುವನ್ನು ಒಪ್ಪದೆ 1954ರಲ್ಲಿ ರಾಜೀನಾಮೆ ಕೊಟ್ಟರು. ಮುಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿ, 1969ರಲ್ಲಿ ರಾಷ್ಟ್ರಪತಿಯಾದರು.

ಕಲಿಕೆ ಮುಗಿಯದ ವೃತ್ತಿ

ಒಮ್ಮೆ ಕಲಿತ ಕಾನೂನನ್ನು ನಂಬಿ ಕೂರುವವರಿಗೆ ಈ ಕ್ಷೇತ್ರ ಹೇಳಿಸಿದ್ದಲ್ಲ. ಧಾರವಾಡ ಜಿಲ್ಲೆಯ ಲೋಕೋಪಯೋಗಿ ಇಲಾಖೆಯ ದಿನಗೂಲಿ ನೌಕರರ ಸಂಘ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1990ರಲ್ಲಿ, ಹತ್ತು ವರ್ಷ ದುಡಿದವರನ್ನು ಹಂತಹಂತವಾಗಿ ಖಾಯಂ ಮಾಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಾವಿರಾರು ಮನೆಗಳಲ್ಲಿ ಆಗ ದೀಪ ಹಚ್ಚಿದಂತಾಯಿತು. ಹದಿನಾರು ವರ್ಷಗಳ ನಂತರ, 2006ರ ಏಪ್ರಿಲ್ 10ರಂದು, ಕರ್ನಾಟಕದ್ದೇ ಆದ ಉಮಾದೇವಿ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಬೇರೆ ದಿಕ್ಕು ಹಿಡಿಯಿತು. ನಿಯಮಾನುಸಾರ ನೇಮಕವಾಗದವರಿಗೆ ಖಾಯಮಾತಿಯ ಹಕ್ಕಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ಮೀರಿದವರಿಗೆ ಒಂದು ಬಾರಿಯ ಅವಕಾಶವನ್ನಷ್ಟೇ ಉಳಿಸಿತು. ರಾಜ್ಯ ಸರ್ಕಾರ 2012ರಲ್ಲಿ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿಗೆ ಪ್ರತ್ಯೇಕ ಕಾಯಿದೆ ಮಾಡಿತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ದೀರ್ಘಕಾಲ ದುಡಿದ ಕೆಳಹಂತದ ನೌಕರರನ್ನು ಹೊರದೂಡಲು ಉಮಾದೇವಿ ತೀರ್ಪನ್ನು ಬಳಸಿಕೊಳ್ಳುವುದು ಸರಿಯಲ್ಲ ಎಂದು ಎಚ್ಚರಿಸಿತು. ಒಂದೇ ಪ್ರಶ್ನೆಗೆ ಮೂವತ್ತೈದು ವರ್ಷಗಳಲ್ಲಿ ಇಷ್ಟು ತಿರುವು!

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1926ರ ಕಾರ್ಮಿಕ ಸಂಘಗಳ ಕಾಯಿದೆ, 1947ರ ಕೈಗಾರಿಕಾ ವಿವಾದಗಳ ಕಾಯಿದೆ ಮೊದಲಾದ ಹಳೆಯ ಕಾನೂನುಗಳು ತೆರೆಮರೆಗೆ ಸರಿದಿವೆ. ಬದಲಾವಣೆಗಳು ಸಣ್ಣವಲ್ಲ. ಎಲ್ಲ ಕೈಗಾರಿಕೆಗಳಲ್ಲೂ ಮುಷ್ಕರಕ್ಕೆ ಮುಂಚೆ 14 ದಿನಗಳ ನೋಟೀಸು ಕಡ್ಡಾಯವಾಗಿದೆ. ಹಲವು ಸಂಘಗಳಿರುವಲ್ಲಿ ಶೇಕಡಾ 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಮಾತುಕತೆಯ ಏಕೈಕ ಹಕ್ಕು ಸಿಗುತ್ತದೆ. ಕಾರ್ಖಾನೆ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ 100ರ ಬದಲು 300 ಕಾರ್ಮಿಕರಿರುವಲ್ಲಿ ಮಾತ್ರ ಅನ್ವಯಿಸುತ್ತದೆ. 1961ರಿಂದ ಮೋಟಾರ್ ಸೈಕಲ್ ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋದುದನ್ನು ಕಂಡವರಿಗೆ, ಮುಚ್ಚುವ ಕಾರ್ಖಾನೆಯ ಕಾನೂನು ಎಂಥ ಗಂಭೀರ ವಿಷಯ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಗಡುವಿನ ವಿಷಯವಂತೂ ತುಂಬ ಮುಖ್ಯ. ಕೆಲಸದಿಂದ ವಜಾ ಆದವನು ನೇರವಾಗಿ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಲು 1988ರ ಕರ್ನಾಟಕದ ತಿದ್ದುಪಡಿ ಆರು ತಿಂಗಳ ಅವಕಾಶ ಕೊಟ್ಟಿತ್ತು. 2010ರ ಕೇಂದ್ರ ತಿದ್ದುಪಡಿ, ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಾದ ಮೇಲೆ ಹೋಗುವ ದಾರಿ ತೆರೆದು ಮೂರು ವರ್ಷದ ಮಿತಿ ಇಟ್ಟಿತು. ಹೊಸ ಸಂಹಿತೆಯಲ್ಲಿ ಆ ಮಿತಿ ಎರಡು ವರ್ಷ. ಹಾಡಿಯ ಕೂಲಿಕಾರನಿಗೆ ಈ ಲೆಕ್ಕ ಹೇಳುವವರಿಲ್ಲದೆ ದಿನ ಕಳೆದರೆ, ನ್ಯಾಯ ಅವನ ಕಡೆ ಇದ್ದರೂ ಬಾಗಿಲು ಮುಚ್ಚಿರುತ್ತದೆ.

ಓದು ಮತ್ತು ಪ್ರವೇಶ

ಪಿ.ಯು.ಸಿ. ನಂತರ ಐದು ವರ್ಷದ, ಅಥವಾ ಯಾವುದೇ ಪದವಿಯ ನಂತರ ಮೂರು ವರ್ಷದ ಕಾನೂನು ಶಿಕ್ಷಣ ಪಡೆಯಬಹುದು. ವಕೀಲರ ಪರಿಷತ್ತಿನ ನಿಯಮದಂತೆ ಸಾಮಾನ್ಯ ವರ್ಗಕ್ಕೆ ಶೇಕಡಾ 45, ಹಿಂದುಳಿದ ವರ್ಗಗಳಿಗೆ 42, ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ 40 ಕನಿಷ್ಠ ಅಂಕ ಬೇಕು. ಎಚ್.ಡಿ. ಕೋಟೆ, ಹುಣಸೂರು ಕಡೆಯವರಿಗೆ ಮೈಸೂರೇ ಹತ್ತಿರ. ಅಲ್ಲಿ ಶಾರದಾ ವಿಲಾಸ, ವಿದ್ಯಾವರ್ಧಕ, ಜೆ.ಎಸ್.ಎಸ್. ಕಾನೂನು ಕಾಲೇಜುಗಳಿವೆ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯಗಳಿಗೆ ಪ್ರವೇಶ ಪರೀಕ್ಷೆ ಬರೆಯಬೇಕಾಗುತ್ತದೆ. ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, ಆ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ. ಈ ಪರೀಕ್ಷೆಯನ್ನು 2010ರಲ್ಲಿ ಕಡ್ಡಾಯ ಮಾಡಲಾಯಿತು.

ಕನ್ನಡ ಮಾಧ್ಯಮದ ಮಕ್ಕಳು ಹಿಂಜರಿಯಬೇಕಿಲ್ಲ. ಮೇಲಿನ ನ್ಯಾಯಾಲಯಗಳ ತೀರ್ಪು ಓದಲು ಇಂಗ್ಲಿಷ್ ಬೇಕೇ ಬೇಕು; ಅದನ್ನು ಐದು ವರ್ಷದಲ್ಲಿ ಪಟ್ಟು ಹಿಡಿದು ಕಲಿಯಬಹುದು. ಆದರೆ ಕಾರ್ಮಿಕನ ಸಾಕ್ಷ್ಯ ನಡೆಯುವುದು ಕನ್ನಡದಲ್ಲಿ. ಬೆಂಕಿರೇಖೆ ಎಂದರೇನು, ತಂಬಾಕಿನ ಬ್ಯಾರನ್ನಿನಲ್ಲಿ ರಾತ್ರಿ ಉರಿ ನೋಡಿಕೊಳ್ಳುವವನ ಕೆಲಸದ ಅವಧಿ ಎಷ್ಟು, ತೋಟದ ಮೇಸ್ತ್ರಿ ಹಾಜರಿ ಹೇಗೆ ಬರೆಯುತ್ತಾನೆ ಎಂಬುದನ್ನು ಬಾಲ್ಯದಿಂದ ಕಂಡವನು ಪಾಟೀಸವಾಲಿನಲ್ಲಿ ಕೇಳುವ ಪ್ರಶ್ನೆಯೇ ಬೇರೆ. ಹಾಡಿಯ, ಹಳ್ಳಿಯ ಮಕ್ಕಳ ಬಂಡವಾಳ ಅದು.

ಸಂಪಾದನೆಯ ಮಾತು

ಪೋಷಕರ ಪ್ರಶ್ನೆಗೆ ನೇರ ಉತ್ತರ ಕೊಡುವುದಾದರೆ, ಮೊದಲ ಕೆಲವು ವರ್ಷಗಳಲ್ಲಿ ಹಿರಿಯ ವಕೀಲರ ಕೈಕೆಳಗೆ ಕಲಿಯುವಾಗ ಆದಾಯ ಅತ್ಯಲ್ಪ. ಮನೆಯವರ ಆಸರೆ ಬೇಕು. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಾನೂನು ಪದವೀಧರರಿಗೆ ತರಬೇತಿ ಕಾಲದ ಶಿಷ್ಯವೇತನವನ್ನು ರಾಜ್ಯದ ಇಲಾಖೆಗಳು ಕೊಡುತ್ತವೆ. ಅದರ ಬಗ್ಗೆ ತಾಲ್ಲೂಕು ಕಚೇರಿಯಲ್ಲಿ ಮುಂಚೆಯೇ ವಿಚಾರಿಸಿ ಇಟ್ಟುಕೊಳ್ಳುವುದು ಒಳಿತು.

ಒಬ್ಬೊಬ್ಬ ಕಾರ್ಮಿಕನ ಕೈಯಿಂದ ಬರುವ ಫೀಸು ಚಿಕ್ಕದು. ಆದರೆ ಸಂಘವೊಂದು ವಕೀಲನನ್ನು ನಂಬಿದರೆ ವರ್ಷಾನುಗಟ್ಟಲೆ ಕೆಲಸ ಬರುತ್ತದೆ. ಅಪಘಾತ ಪರಿಹಾರ, ಗ್ರಾಚ್ಯುಟಿ, ಭವಿಷ್ಯನಿಧಿ, ಹೈಕೋರ್ಟಿನ ರಿಟ್ ಅರ್ಜಿ ಎಲ್ಲವೂ ಜೊತೆಗೂಡುತ್ತವೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೇ ಕಲಮು ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಮಹಿಳೆಯರು ಮುಂತಾದವರ ಜೊತೆಗೆ ಕೈಗಾರಿಕಾ ಕಾರ್ಮಿಕರನ್ನೂ ಉಚಿತ ಕಾನೂನು ನೆರವಿಗೆ ಅರ್ಹರೆಂದು ಹೇಳುತ್ತದೆ. ಆ ಸಮಿತಿಗಳ ವಕೀಲರ ಪಟ್ಟಿಗೆ ಸೇರಿದರೆ ಸರ್ಕಾರ ಗೌರವಧನ ಕೊಡುತ್ತದೆ. ಮೊತ್ತ ದೊಡ್ಡದಲ್ಲ, ಅನುಭವ ದೊಡ್ಡದು.

ಎರಡು ಎಚ್ಚರಿಕೆಗಳೂ ಬೇಕು. ಗೆದ್ದರೆ ಸಿಗುವ ಹಣದಲ್ಲಿ ಇಷ್ಟು ಪಾಲು ಎಂದು ಕಕ್ಷಿದಾರನೊಡನೆ ಕರಾರು ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮ ನಿಷೇಧಿಸುತ್ತದೆ. ಸತ್ತ ಕೂಲಿಯವನ ಹೆಂಡತಿಗೆ ಬಂದ ಪರಿಹಾರದಲ್ಲಿ ಪಾಲು ಕೇಳುವವನು ಕೆಟ್ಟ ವಕೀಲ ಮಾತ್ರವಲ್ಲ, ನಿಯಮ ಮುರಿದವನು. ಎರಡನೆಯದು, ವಕೀಲಿ ನಡೆಸುವವನು ಯಾರ ಬಳಿಯೂ ಪೂರ್ಣಾವಧಿಯ ಸಂಬಳದ ನೌಕರನಾಗಿರುವಂತಿಲ್ಲ. ಸಂಘದ ಪೂರ್ಣಾವಧಿ ಸಂಬಳದ ಕಾರ್ಯದರ್ಶಿಯಾಗುವುದೋ ವಕೀಲನಾಗಿ ಉಳಿಯುವುದೋ ಎಂಬ ಆಯ್ಕೆ ಕೆಲವರಿಗೆ ಎದುರಾಗುತ್ತದೆ. ಸಂಬಳವಿಲ್ಲದ ಗೌರವ ಪದಾಧಿಕಾರಿ ಸ್ಥಾನಕ್ಕೆ ಈ ತೊಡಕಿಲ್ಲ.

ಈ ದಾರಿ ಬೇಡವೆನಿಸಿದರೆ ಇದೇ ಓದು ಬೇರೆಡೆಗೂ ಒಯ್ಯುತ್ತದೆ. ಕಾರ್ಮಿಕ ಇಲಾಖೆಯ ಅಧಿಕಾರಿ, ನ್ಯಾಯಾಂಗ ಸೇವೆ, ಕಾರ್ಖಾನೆಗಳ ಸಿಬ್ಬಂದಿ ವಿಭಾಗ, ಅಧ್ಯಾಪನ, ಎಲ್ಲಕ್ಕೂ ಕಾರ್ಮಿಕ ಕಾನೂನು ಬಲ್ಲವರು ಬೇಕು.

ಈಗಲೇ ಮಾಡಬಹುದಾದ್ದು

ಕಾನೂನು ಕಾಲೇಜಿಗೆ ಸೇರುವವರೆಗೆ ಕಾಯಬೇಕಾಗಿಲ್ಲ. ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಒಂದು ಒಳ್ಳೆಯ ಅಂಶವನ್ನು ಸೇರಿಸಿದೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆಯಲ್ಲಿ ಪ್ರತಿಯೊಬ್ಬನಿಗೂ ನೇಮಕದ ಪತ್ರ ಕೊಡಬೇಕು ಎಂಬುದೇ ಅದು. 2002ರಲ್ಲಿ ಅರಣ್ಯ ಇಲಾಖೆಯ ದಿನಗೂಲಿ ತೋರಿಸಲಾಗದೆ ಸೋತದ್ದು ಇಂಥದೇ ಒಂದು ಕಾಗದವನ್ನು. ಆದರೆ ಕಾನೂನಿನ ಪುಸ್ತಕದಲ್ಲಿರುವ ಪತ್ರ ತಾನಾಗಿ ನಡೆದು ಹಾಡಿಗೆ ಬರುವುದಿಲ್ಲ, ಯಾರಾದರೂ ಕೇಳಬೇಕು.

ಅಂತರಸಂತೆಯಲ್ಲೋ ಪಿರಿಯಾಪಟ್ಟಣದಲ್ಲೋ ಪಿ.ಯು.ಸಿ. ಓದುವ ಹುಡುಗ ಹುಡುಗಿಯರು ಮುಂದಿನ ರಜೆಯಲ್ಲಿ ಮನೆಯ ದುಡಿಯುವವರನ್ನು ಕೂರಿಸಿಕೊಂಡು ಕೆಲವು ವಿಷಯ ಬರೆದಿಡಬಹುದು. ಯಾರ ಬಳಿ ಕೆಲಸ, ಯಾವ ದಿನದಿಂದ, ದಿನಕ್ಕೆ ಎಷ್ಟು ಕೂಲಿ, ಮುಂಗಡ ಎಷ್ಟು, ಮೇಸ್ತ್ರಿ ಯಾರು, ಜೊತೆಯಲ್ಲಿ ದುಡಿದವರು ಯಾರು? ಸಿಕ್ಕಿದ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತೆಗೆದಿಡಬೇಕು, ನೇಮಕದ ಪತ್ರ ಕೊಟ್ಟಿದ್ದಾರೆಯೇ ಎಂದು ಕೇಳಬೇಕು. ಹೀಗೆ ಬರೆದದ್ದು ಒಂದು ದಿನ ಆ ಮನೆಯವರ ಕೂಲಿಯನ್ನು ಉಳಿಸಬಹುದು. ಬರೆಯುತ್ತ ಹೋದಂತೆ ಬೇಸರ ಬಾರದೆ, ಪಕ್ಕದ ಮನೆಯವರದನ್ನೂ ಬರೆಯೋಣ ಎನಿಸಿದರೆ, ಆ ಮಗುವನ್ನು ಕಾನೂನು ಓದಿಸಲು ಪೋಷಕರು ಧೈರ್ಯವಾಗಿ ಯೋಚಿಸಬಹುದು.